ನಿಧನ ವಾರ್ತೆಗೊಂದು ತಿದ್ದುಪಡಿ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದಿನ ಯಾಕಮ್ಮನಿಗೆ,

ಅಮ್ಮನ ತುಂಬು ಪ್ರೀತಿ, ಅದರ ಬೆನ್ನಿಗೇ ಒಂದಿಷ್ಟು ಸಿಟ್ಟು. ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ, ನಿನಗೆ ಬೇಕಾದ್ದನ್ನು ಮೊದಲು ತೆಗೆದುಕೋ.

ನಿನ್ನ ಪತ್ರ ಶನಿವಾರ ಕೈಸೇರಿತು. ಮಾತು ಕಲಿತ ದಿನದಿಂದ ಎಲ್ಲದಕ್ಕೂ 'ಯಾಕಮ್ಮ, ಯಾಕಮ್ಮ' ಎಂದು ನನ್ನ ತಲೆ ತಿಂದು ಆ ಹೆಸರನ್ನೇ ಸಂಪಾದಿಸಿಕೊಂಡವಳು ನೀನು. ಅಂಥವಳು ಮೂರು ಪುಟ ಬರೆದಿದ್ದೀಯ, ಅದರಲ್ಲಿರುವುದು ಒಂದೇ ಒಂದು ಪ್ರಶ್ನೆ, ಅದಕ್ಕೂ ಉತ್ತರ ನೀನೇ ಬರೆದುಕೊಂಡಿದ್ದೀಯ. ಫೋನಿನಲ್ಲೇ ಜವಾಬು ಕೊಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ಅಳಿಯಂದಿರ ಮಂಡಿನೋವು ವಿಚಾರಿಸಿ ಇಟ್ಟುಬಿಡುತ್ತೇವೆ. ಪತ್ರದ ನಡುವೆ ಬಾಯಿ ಹಾಕಲು ನಿನಗೂ ಬರುವುದಿಲ್ಲ. ಕೂತು ಕೊನೆಯವರೆಗೂ ಓದು.

ನೀನು ಬರೆದದ್ದು ಇಷ್ಟು. ಯಾರೋ ಲಿಫ್ಟ್ ರಿಪೇರಿಯವನು ನಿನ್ನ ಅಮ್ಮನನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ. ದಿನಾ ಸಂಜೆ ಮನೆಗೆ ಬರುತ್ತಾನೆ. ಅಮ್ಮ ಕೂದಲಿಗೆ ಬಣ್ಣ ಹಚ್ಚಲು ಶುರು ಮಾಡಿದ್ದಾಳೆ, ಅಂದರೆ ಅವಳ ಬುದ್ಧಿ ಎಲ್ಲೋ ಜಾರಿದೆ. ಹೀಗೆಂದು ನಿನ್ನ ಚಿಕ್ಕಮ್ಮ ಹೇಳಿದಳು, ನಮ್ಮ ಕೆಳಮನೆಯ ಟೈಲರಮ್ಮ ಹೇಳಿದಳು, ಪತ್ರಿಕೆಯಲ್ಲಿ ನನ್ನ ಜೊತೆ ಪ್ರೂಫ್ ನೋಡುತ್ತಿದ್ದ ಪ್ರೂಫಕ್ಕನೂ ಹೇಳಿದಳು. 'ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂರು ಜನ ಒಂದೇ ಮಾತು ಹೇಳಿದರೆ ಅದು ಸುಳ್ಳಾಗಿರೋಕೆ ಆಗತ್ತಾ ಅಮ್ಮ?' ಹಾಗಾಗಿ ಭಾನುವಾರ ಖಾಲಿ ಸೂಟ್‌ಕೇಸ್ ತರುತ್ತೀಯ, ಅದರಲ್ಲಿ ನನ್ನ ಬಟ್ಟೆ ತುಂಬುತ್ತೀಯ, ಈ ಮನೆಗೆ ಬೀಗ ಜಡಿದು ನನ್ನನ್ನು ನಿನ್ನ ಮನೆಗೆ ಕರೆದೊಯ್ಯುತ್ತೀಯ.

ಅಲ್ಲವೇ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುವವಳು ನೀನು. ಒಬ್ಬನದೇ ರಕ್ತವನ್ನು ಮೂರು ಸೀಸೆಗೆ ಹಾಕಿ, ಮೂರು ಸಲ ಪರೀಕ್ಷೆ ಮಾಡಿ, ಮೂವರಿಗೆ ಕಾಯಿಲೆ ಇದೆ ಎಂದು ರಿಪೋರ್ಟ್ ಕೊಡುತ್ತೀಯಾ? ಕೊಟ್ಟರೆ ಮರುದಿನವೇ ಮನೆಗೆ ಕಳಿಸುತ್ತಾರೆ. ಅಮ್ಮನ ವಿಷಯ ಬಂದಾಗ ಮಾತ್ರ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿನಲ್ಲಿ ಹೋಗಿ ನಿಂತುಬಿಟ್ಟೆ. ಬೈಯುವ ಹಕ್ಕು ನನಗೂ ಇಲ್ಲ ಬಿಡು. ಇದೇ ತಪ್ಪನ್ನು ಹತ್ತೊಂಬತ್ತು ವರ್ಷದ ಹಿಂದೆ ನಾನೂ ಮಾಡಿದ್ದೆ, ಅದೂ ಅಚ್ಚಿನಲ್ಲಿ. ಆ ಕಥೆ ನಿನಗೆ ಅರ್ಧ ಗೊತ್ತು. ಈಗ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನೀನು ಏಕವಚನದಲ್ಲಿ ಬರೆದ ಆ ಲಿಫ್ಟಿನವರು ಅದರಲ್ಲಿದ್ದಾರೆ.

ಮೂವತ್ತೊಂದು ವರ್ಷ ಪತ್ರಿಕೆಯ ಒಳಪುಟದ ಎಡಮೂಲೆ ನನ್ನದಾಗಿತ್ತಲ್ಲ, ನಿಧನ ವಾರ್ತೆ. ಯಾವ ಸಾವಿನ ಸುದ್ದಿ ಬಂದರೂ ಮೂರು ಕಡೆ ಫೋನು ಮಾಡಿ ಖಚಿತ ಮಾಡಿಕೊಳ್ಳದೆ ಅಚ್ಚಿಗೆ ಬಿಡಬಾರದು ಎಂಬುದು ನಮ್ಮ ಹಿರಿಯ ಉಪಸಂಪಾದಕರ ಕಟ್ಟಪ್ಪಣೆ. 'ಬೇರೆ ಸುದ್ದಿ ತಪ್ಪಾದ್ರೆ ಸಂಬಂಧಪಟ್ಟೋರು ಬಂದು ಜಗಳ ಮಾಡ್ತಾರೆ. ಸತ್ತೋರು ಬಂದು ತಿದ್ದಿಸಲ್ಲ. ನಾವೇ ಹುಷಾರಾಗಿರ್ಬೇಕು' ಎನ್ನುತ್ತಿದ್ದರು. ಒಂದು ಸೋಮವಾರ ಲಿಫ್ಟ್ ಕೆಲಸಗಾರರ ಸಂಘದ ಕಾರ್ಯದರ್ಶಿ ಫೋನು ಮಾಡಿ, ತಮ್ಮ ಮೆಕ್ಯಾನಿಕ್ ಒಬ್ಬರು ತೀರಿಕೊಂಡರು ಎಂದರು. ಅದು ಒಂದು. ಸತ್ತವರ ಮನೆ ಮಾಲೀಕರಿಗೆ ಫೋನು ಮಾಡಿದೆ, ಹೌದು ಪಾಪ ಎಂದರು. ಎರಡು. ಬೀದಿ ಕೊನೆಯ ಔಷಧಿ ಅಂಗಡಿಗೆ ಮಾಡಿದೆ, ಅಯ್ಯೋ ಎಂಥ ಮನುಷ್ಯ ಎಂದರು. ಮೂರು. 'ಮೃದು ಸ್ವಭಾವದವರಾಗಿದ್ದ ಶ್ರೀಯುತರು' ಎಂದು ನಾಲ್ಕು ಸಾಲು ಬರೆದು, ವಯಸ್ಸು ನಲವತ್ತೇಳು ಎಂದು ಹಾಕಿ, ಕೈ ತೊಳೆದು ಊಟಕ್ಕೆ ಹೋದೆ.

ಮರುದಿನ ಹನ್ನೊಂದು ಗಂಟೆಗೆ ಒಬ್ಬರು ಬಂದು ಮೇಜಿನ ಮುಂದೆ ನಿಂತರು. ಕೈಯಲ್ಲಿ ಪತ್ರಿಕೆ, ಅಂಗಿಯ ತೋಳಿನಲ್ಲಿ ಗ್ರೀಸಿನ ಕಲೆ. 'ಮೇಡಂ, ಇದರಲ್ಲಿ ಒಂದು ಸಣ್ಣ ತಪ್ಪಿದೆ' ಎಂದರು. ವಯಸ್ಸು ತಪ್ಪಿರಬೇಕು ಎಂದುಕೊಂಡು ಕೆಂಪು ಪೆನ್ನು ತೆಗೆದೆ. 'ವಯಸ್ಸು ಸರಿ ಇದೆ. ಮೃದು ಸ್ವಭಾವ ಅನ್ನೋದೂ ಇರಲಿ. ಸತ್ತಿರೋದು ಮಾತ್ರ ಇಲ್ಲ' ಎಂದರು. ಇಡೀ ಕಚೇರಿ ಎದ್ದು ನಿಂತು ನಕ್ಕಿತು, ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನಡೆದದ್ದನ್ನು ತಾವೇ ಬಿಡಿಸಿ ಹೇಳಿದರು.

ಅವರ ಮಹಡಿಮೇಲಿನ ಹುಡುಗಿಗೆ ಹೆರಿಗೆ ನೋವು ಬಂದಿತ್ತು, ಗಂಡ ಊರಲ್ಲಿರಲಿಲ್ಲ. ಇವರೂ ಇವರ ಹೆಂಡತಿಯೂ ಆಂಬುಲೆನ್ಸ್ ಕರೆಸಿ, ಮನೆಗೆ ಬೀಗ ಹಾಕಿ, ಅವಳ ಜೊತೆ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಔಷಧಿ ಅಂಗಡಿಯವನು ಕಂಡದ್ದು ಆಂಬುಲೆನ್ಸಿನ ಬಾಗಿಲು ಮತ್ತು ಅದರೊಳಗೆ ಇವರ ಕಾಲು. ಅವನು ಮಾಲೀಕರಿಗೆ ಹೇಳಿದ. ಮಾಲೀಕರು ಬೀಗ ಬಿದ್ದದ್ದು ಕಂಡು, ಊರಿಗೆ ಒಯ್ದಿರಬೇಕು ಎಂದು ಸಂಘಕ್ಕೆ ಹೇಳಿದರು. ಸಂಘ ನನಗೆ ಹೇಳಿತು. ನಾನು ಫೋನಿನಲ್ಲಿ ಮೂರು ಕಡೆಯಿಂದ ಕೇಳಿಸಿಕೊಂಡಿದ್ದೆ, ಆದರೆ ಮೂರು ಫೋನಿನ ಹಿಂದೆಯೂ ಇದ್ದದ್ದು ಆ ಅಂಗಡಿಯವನೊಬ್ಬನ ಕಣ್ಣು, ಅದೂ ಒಂದು ಜೊತೆ ಕಾಲನ್ನು ಮಾತ್ರ ಕಂಡಿತ್ತು. ಹುಟ್ಟಿದ ಸುದ್ದಿಯನ್ನು ಸತ್ತ ಸುದ್ದಿ ಮಾಡಿ ಹಾಕಿದ್ದೆ. ಅಂದಿನಿಂದ ನಾನು ಫೋನಿನ ಲೆಕ್ಕ ಬಿಟ್ಟೆ. ಯಾರು ಏನು ಹೇಳಿದರೂ 'ನಿಮಗೆ ಹೇಗೆ ಗೊತ್ತು?' ಎಂದು ಕೇಳುವುದನ್ನು ಹಿಡಿದುಕೊಂಡೆ. ಆ ಪ್ರಶ್ನೆಯಿಂದ ನನ್ನ ಸ್ನೇಹಿತರಲ್ಲಿ ಅರ್ಧ ಜನ ದೂರವಾದರು.

ಅವರ ಹೆಂಡತಿ ತೀರಿಕೊಂಡದ್ದು ಹನ್ನೊಂದು ವರ್ಷದ ಹಿಂದೆ. ಆ ಸಾವಿನ ಸುದ್ದಿಯ ಚೀಟಿ ಕಚೇರಿಗೆ ಬಂದಾಗ ನಾನು ಫೋನು ಮಾಡಲಿಲ್ಲ, ನಾನೇ ಹೋಗಿ ನೋಡಿ ಬಂದೆ. ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಕಂಡು, 'ಈ ಸಲ ತಪ್ಪಿಲ್ಲ ಮೇಡಂ' ಎಂದರು. ನಾಲ್ಕು ಸಾಲು ಬರೆಯಲು ಅಂದು ಮಧ್ಯಾಹ್ನವೆಲ್ಲ ಬೇಕಾಯಿತು. ಹಾಂ, ಆಗ ಅಪ್ಪ ಇನ್ನೂ ಇದ್ದರಲ್ಲ ಎಂದು ನೀನೀಗ ಬೆರಳು ಮಡಚಿ ವರ್ಷ ಎಣಿಸುತ್ತಿರುವುದು ಇಲ್ಲಿಗೇ ಕಾಣುತ್ತಿದೆ. ಎಣಿಸಬೇಡ. ಅದಾದ ಮೇಲೆ ಅವರನ್ನು ನಾನು ಮತ್ತೆ ಕಂಡದ್ದು ಈಗ ಎಂಟು ತಿಂಗಳ ಹಿಂದೆ, ನಮ್ಮ ಕಟ್ಟಡದ ಲಿಫ್ಟಿನಲ್ಲಿ.

ಕಂಡದ್ದು ಎನ್ನುವುದೂ ತಪ್ಪು, ಕೇಳಿಸಿಕೊಂಡದ್ದು. ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಲಿಫ್ಟು ನಿಂತಿತು. ಒಳಗೆ ನಾನು, ಒಂದು ಚೀಲ ಆಲೂಗಡ್ಡೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ದನಿ ಬಂತು, 'ಗಾಬರಿ ಆಗ್ಬೇಡಿ, ಇನ್ನು ಹತ್ತು ನಿಮಿಷ.' ಚಾಳಿ ಎಲ್ಲಿ ಹೋಗುತ್ತದೆ? ಹತ್ತು ನಿಮಿಷ ಅಂತ ನಿಮಗೆ ಹೇಗೆ ಗೊತ್ತು ಎಂದು ಒಳಗಿನಿಂದಲೇ ಕೂಗಿದೆ. ಆಮೇಲೆ, 'ನಿಜ ಹೇಳ್ಬೇಕಂದ್ರೆ ಗೊತ್ತಿಲ್ಲ. ಹಾಗಂದ್ರೆ ಜನ ಸಮಾಧಾನವಾಗಿರ್ತಾರೆ ಅಂತ ಹೇಳೋದು' ಎಂದಿತು ಆ ದನಿ. ಯಾಕಮ್ಮ, ನನಗೆ ಅರವತ್ತೆರಡು ವರ್ಷ. ಇಷ್ಟು ವರ್ಷದಲ್ಲಿ ವೈದ್ಯರು, ಸಂಪಾದಕರು, ನಿನ್ನ ಚಿಕ್ಕಮ್ಮ, ಯಾರ ಬಾಯಿಂದಲೂ ಇಷ್ಟು ಸಲೀಸಾಗಿ 'ಗೊತ್ತಿಲ್ಲ' ಎಂಬ ಮಾತು ಬಂದದ್ದು ನಾನು ಕೇಳಿಲ್ಲ. ನಲವತ್ತು ನಿಮಿಷ ಹಿಡಿಯಿತು. ಬಾಗಿಲು ತೆರೆದಾಗ ಅವರು ಬಗ್ಗಿ ನೋಡಿದರು, ಕನ್ನಡಕ ಸರಿ ಮಾಡಿಕೊಂಡರು. 'ನನ್ನನ್ನ ಸಾಯಿಸಿದ್ದು ನೀವೇ ಅಲ್ವಾ?' ಎಂದು ಕೇಳಿ ನನ್ನ ಕೈಯಿಂದ ಆಲೂಗಡ್ಡೆ ಚೀಲ ತೆಗೆದುಕೊಂಡರು.

ಕೆಲಸದಿಂದ ನಿವೃತ್ತರಾಗಿದ್ದರೂ ನಮ್ಮಂಥ ಹಳೇ ಲಿಫ್ಟುಗಳಿಗೆ ಅವರನ್ನೇ ಕರೆಯುತ್ತಾರೆ. ನಮ್ಮ ಲಿಫ್ಟು ಆಮೇಲೆ ತಿಂಗಳಿಗೆ ನಾಲ್ಕು ಸಲ ಕೆಡತೊಡಗಿತು. ಅದನ್ನು ಕೆಡಿಸುತ್ತಿದ್ದದ್ದು ನಾನು ಎಂದು ಟೈಲರಮ್ಮ ಹೇಳಿದ್ದರೆ, ಅದಕ್ಕೆ ಆಧಾರವಿಲ್ಲ ಎಂದಷ್ಟೇ ಹೇಳುತ್ತೇನೆ.

ಅವರು ನನಗೆ ಹೇಳಿಕೊಂಡ ಸಂಗತಿಗಳನ್ನು ನಾನು ಹಾಗೆಯೇ ನುಂಗಿಬಿಟ್ಟೆ ಎಂದು ತಿಳಿಯಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದನ್ನು ಹೊಟ್ಟೆಪಾಡಾಗಿ ಮಾಡಿಕೊಂಡವಳು ನಾನು. ಅಡುಗೆ ಬರುತ್ತದೆ ಎಂದರು. ಸೌಟು ಕೈಗೆ ಕೊಟ್ಟೆ. ಉಪ್ಪು ಸರಿಯಾಗಿತ್ತು, ಉಳಿದದ್ದರ ಬಗ್ಗೆ ತನಿಖೆ ನಡೆದಿದೆ. ಸಿಗರೇಟು ಬಿಟ್ಟು ಎರಡು ವರ್ಷವಾಯಿತು ಎಂದರು. ಅವರ ಮಗನನ್ನು ಕೇಳಲಿಲ್ಲ, ಮಗ ಅಪ್ಪನ ಪರ ಮಾತಾಡುತ್ತಾನೆ. ಅವರ ಬೀದಿಯ ಬೀಡಾ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಮುಖ ಸಣ್ಣದು ಮಾಡಿಕೊಂಡು, 'ಏನು ಹೇಳಲಿ, ಎರಡು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ' ಎಂದ. ಗಿರಾಕಿ ಹೋದ ಎಂದು ಅಂಗಡಿಯವನೇ ಒಪ್ಪಿಕೊಂಡರೆ ಅದಕ್ಕಿಂತ ಸಾಕ್ಷಿ ಬೇಕೇ? ಗೊರಕೆ ಹೊಡೆಯುವುದಿಲ್ಲ ಎಂದರು. ಅವರ ಸೊಸೆಯನ್ನು ಕೇಳಿದೆ, ಗೋಡೆ ಅದುರುತ್ತದೆ ಎಂದಳು. ಈ ಒಂದು ಹೇಳಿಕೆ ಸುಳ್ಳು ಎಂದು ಅವರ ಮುಂದೆ ಇಟ್ಟೆ. 'ನಾನು ಮಲಗಿರ್ತೀನಲ್ಲ, ನನಗೆ ಹೇಗೆ ಗೊತ್ತಾಗ್ಬೇಕು?' ಎಂದರು. ಅದೂ ನ್ಯಾಯವಾದ ಮಾತೇ ಅನ್ನಿಸಿತು.

ಈಗ ನಿನ್ನ ಮೂವರು ಸಾಕ್ಷಿಗಳಿಗೆ ಬರುತ್ತೇನೆ. ಮೊನ್ನೆ ಭಾನುವಾರ ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನು ಮಾಡಿ, ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವಳು, 'ನೀನೇ ಹೇಳಿದ್ಯಲ್ಲೇ ಅಕ್ಕ!' ಎಂದಳು. ಟೈಲರಮ್ಮನ ಬಳಿ ಇಳಿದು ಹೋದೆ. ಹೊಲಿಗೆ ಯಂತ್ರ ನಿಲ್ಲಿಸದೆಯೇ, 'ಒಬ್ಬರು ನೋಡೋರಿದ್ದಾರೆ, ಸ್ವಲ್ಪ ಚೆನ್ನಾಗಿ ಹೊಲಿ ಅಂತ ನೀವೇ ಅಂದ್ರಲ್ಲ' ಎಂದಳು. ಪ್ರೂಫಕ್ಕ ಅಂತೂ ನಾನು ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಬಳಸಿ ಹೇಳಿದೆ ಎಂದು ಒಪ್ಪಿಸಿಬಿಟ್ಟಳು, ಅಲ್ಪವಿರಾಮ ಸಮೇತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದು. ಹೌದು ಕಣೇ, ಮೂವರಿಗೂ ಹೇಳಿದ್ದು ನಾನೇ. ಬೇಕೆಂದೇ ಹೇಳಿದೆ. ಚಿಕ್ಕಮ್ಮನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಅವಳು ಹುಟ್ಟಿದಾಗಿನಿಂದ ನನಗೆ ಗೊತ್ತು. ಟೈಲರಮ್ಮನ ಬಳಿ ನಿನ್ನ ನಂಬರ್ ಇದೆ. ಪ್ರೂಫಕ್ಕ ನಿನಗೆ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ನಿನಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ, ಗಾಳಿಗೆ ತೂರಿ ನಿನ್ನ ಕಿವಿಗೆ ಬೀಳಲಿ ಎಂದು ಕಾದೆ. ಹೀಗೆ ಬಿಟ್ಟ ಮಾತು ದಾರಿಯಲ್ಲಿ ಉಪ್ಪು ಖಾರ ಹಚ್ಚಿಸಿಕೊಂಡು ತಲುಪುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಮಾಡಿದೆ. 'ನನ್ನ ಜೊತೆ ಚಹಾ ಕುಡಿಯುತ್ತಾರೆ' ಎಂದು ನಾನು ಹೇಳಿದ್ದು ನಿನ್ನನ್ನು ಮುಟ್ಟುವಾಗ 'ಬುಟ್ಟಿಗೆ ಹಾಕಿಕೊಂಡಿದ್ದಾನೆ' ಆಗಿದ್ದರೆ, ಆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಕೂದಲ ಬಣ್ಣ ಮಾತ್ರ ಪೂರ್ತಿ ನಿಜ.

ನಿನಗೆ ಹೇಳಲು ಯಾಕೆ ಹೆದರಿದೆ ಎಂದರೆ, ನಿನ್ನ ಅಪ್ಪ. ಅವರು ನಂಬುವ ಮನುಷ್ಯ, ನಾನು ಪ್ರಶ್ನೆ ಕೇಳುವವಳು. ರೇಡಿಯೋದಲ್ಲಿ ಮಳೆ ಎಂದರೆ ಬಿರುಬಿಸಿಲಲ್ಲೂ ಕೊಡೆ ಹಿಡಿದು ಶಾಲೆಗೆ ಹೋಗುತ್ತಿದ್ದ ಭೂಗೋಳದ ಮೇಷ್ಟ್ರು. ನನ್ನನ್ನು ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಮೂವತ್ತು ವರ್ಷ ನಂಬಿಕೊಂಡೇ ಇದ್ದುಬಿಟ್ಟರು. ಅಂಥವರ ಜಾಗ ಎಂದು ಒಂದಿದೆ, ಅದರ ಹತ್ತಿರ ಯಾರೂ ಬರುವುದಿಲ್ಲ, ಲಿಫ್ಟಿನವರು ಬರಲು ನೋಡುವುದೂ ಇಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ನಿನ್ನ ಅಪ್ಪ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು, ನನ್ನ ಮುಂದಿನ ದಿನಗಳ ಬಗ್ಗೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಹೇಳಿದವರು ಇಲ್ಲ, ಕೇಳಿಸಿಕೊಂಡದ್ದು ನಾನೊಬ್ಬಳೇ, ಅದನ್ನು ಹೊರಗೆ ಹಾಕಿದರೆ ಲಾಭವೂ ನನಗೇ. ಅಂಥ ಹೇಳಿಕೆಯನ್ನು ನಾನು ಯಾರಿಂದಲೂ ಅಚ್ಚಿಗೆ ತೆಗೆದುಕೊಂಡವಳಲ್ಲ. ಆದರೆ ಅದನ್ನು ನೆನೆದಾಗ ಈಗಲೂ ಕಣ್ಣು ತುಂಬುತ್ತದೆ.

ಈಗ ನಿಜವಾದ ವಿಷಯ. ನಿನ್ನ ಅಪ್ಪ ಹೋದ ಮೇಲೆ ಏಳು ವರ್ಷ, ನೀನು ಫೋನು ಮಾಡಿದಾಗಲೆಲ್ಲ 'ನಾನು ಚೆನ್ನಾಗಿದ್ದೀನಿ' ಎಂದೆ. ನೀನು ನಂಬಿದೆ. ಇನ್ನೊಬ್ಬರನ್ನು ಕೇಳಬೇಕೆಂದು ನಿನಗೆ ಹೊಳೆಯಲೂ ಇಲ್ಲ, ಅಮ್ಮನ ಬಗ್ಗೆ ಅಮ್ಮನಿಗಿಂತ ಯಾರಿಗೆ ಗೊತ್ತು? ಯಾಕಮ್ಮ, ನಾನು ಚೆನ್ನಾಗಿರಲಿಲ್ಲ. ಮನೆಯಲ್ಲಿ ಒಂದು ದನಿ ಇರಲಿ ಎಂದು ರೇಡಿಯೋ ಹಾಕಿ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದೆ. ಒಂದು ಸಲ ಯಾರೋ ರಾಂಗ್ ನಂಬರ್ ಮಾಡಿದಾಗ ಹನ್ನೊಂದು ನಿಮಿಷ ಮಾತಾಡಿದೆ. ಅವನಿಗೆ ಬೇಕಾಗಿದ್ದದ್ದು ಗ್ಯಾಸ್ ಏಜೆನ್ಸಿ. ಬೆಳಿಗ್ಗೆ ಪತ್ರಿಕೆ ಬಂದರೆ ಎಡಮೂಲೆ ತೆಗೆದು, ನನಗಿಂತ ಚಿಕ್ಕವರು ಎಷ್ಟು ಜನ ಎಂದು ನೋಡುತ್ತಿದ್ದೆ. ಊರಿನ ಎಲ್ಲರ ಸಾವನ್ನೂ ಖಚಿತ ಮಾಡಿ ಬರೆದವಳು, ನಾನು ಬದುಕಿದ್ದೇನೆ ಎಂಬ ಸುಳ್ಳು ಸುದ್ದಿಯನ್ನು ಏಳು ವರ್ಷ ನಿನಗೆ ತಲುಪಿಸುತ್ತಾ ಬಂದೆ. ಈ ಪತ್ರವನ್ನು ಅದರ ತಿದ್ದುಪಡಿ ಎಂದು ತಿಳಿ. ತಡವಾದುದಕ್ಕೆ ವಿಷಾದಿಸುತ್ತೇನೆ.

ಈಗ ಚೆನ್ನಾಗಿದ್ದೇನೆ. ಇದನ್ನು ನನ್ನ ಮಾತಿನ ಮೇಲೆ ನಂಬಬೇಡ, ನನ್ನ ಮಾತಿನ ಬೆಲೆ ಏನೆಂದು ಮೇಲೆ ನಾನೇ ಬರೆದಿದ್ದೇನೆ. ಭಾನುವಾರ ಬಾ. ಸೂಟ್‌ಕೇಸ್ ತಂದರೂ ತಾ, ಮೂಲೆಯಲ್ಲಿಟ್ಟು ಮೊದಲು ಊಟ ಮಾಡು. ಲಿಫ್ಟಿನವರನ್ನೂ ಕರೆದಿದ್ದೇನೆ. ಏನು ಬೇಕಾದರೂ ಕೇಳು, ನೀನು ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೆ, ಬೇಸರವಾಗುವವರೆಗೂ ಕೇಳು. ಅವರಿಗೆ ನಿನ್ನ ಅಪ್ಪನ ಬಗ್ಗೆ ಎಲ್ಲ ಹೇಳಿದ್ದೇನೆ, ಕೊಡೆಯ ಕಥೆಯನ್ನೂ. ಅವರು ನಗಲಿಲ್ಲ. ಅಂಥವರ ಮಗಳ ಮುಂದೆ ಕೂರುವುದಕ್ಕೆ ಭಯವಾಗುತ್ತಿದೆ ಎಂದರು.

'ನೀನು ಬೇಡ ಎಂದರೆ ಇದನ್ನೆಲ್ಲ ಇಲ್ಲಿಗೇ ಬಿಟ್ಟುಬಿಡುತ್ತೇನೆ' ಎಂದು ಈ ಜಾಗದಲ್ಲಿ ಒಂದು ವಾಕ್ಯ ಬರೆದಿದ್ದೆ. ಒಳ್ಳೆಯ ಅಮ್ಮಂದಿರು ಬರೆಯುವ ವಾಕ್ಯ. ಎರಡು ಸಲ ಓದಿ, ನಿಜವಲ್ಲ ಎನ್ನಿಸಿ ಹೊಡೆದುಹಾಕಿದೆ. ನೀನು ಬೇಡ ಎಂದರೆ ತುಂಬಾ ಅಳುತ್ತೇನೆ. ಆಮೇಲೆ ಏನು ಮಾಡುತ್ತೇನೆ ಎಂದರೆ, ಗೊತ್ತಿಲ್ಲ. ನೀನು ಹೂಂ ಎಂದರೆ ನನ್ನಷ್ಟು ಸುಖಿ ಈ ಬೀದಿಯಲ್ಲಿ ಯಾರೂ ಇರುವುದಿಲ್ಲ. ಅಳಿಯಂದಿರ ಮಂಡಿಗೆ ಎಣ್ಣೆ ಹಚ್ಚಲು ಹೇಳು.

ಪ್ರೀತಿಯಿಂದ,
ಬುದ್ಧಿ ಎಲ್ಲೂ ಜಾರದ, ಕೂದಲು ಮಾತ್ರ ಕಪ್ಪಾದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಮೇಲೆ 'ಗೊತ್ತಿಲ್ಲ' ಎಂದು ಬರೆದದ್ದು ಅರ್ಧ ಮಾತ್ರ ನಿಜ. ಹೋದ ಸೋಮವಾರ ನಾವಿಬ್ಬರೂ ಮದುವೆ ನೋಂದಣಿ ಕಚೇರಿಗೆ ಅರ್ಜಿ ಕೊಟ್ಟಾಗಿದೆ. ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಲಿ ಎಂದು ಮೂವತ್ತು ದಿನ ಅಲ್ಲಿನ ಗೋಡೆಯ ಮೇಲೆ ನೋಟಿಸು ಅಂಟಿಸಿಡುತ್ತಾರಂತೆ. ನಿನಗಿನ್ನೂ ಇಪ್ಪತ್ತೆರಡು ದಿನವಿದೆ. ಯಾರೂ ಅದನ್ನು ಓದುವುದಿಲ್ಲ, ನಾನು ಮಾತ್ರ ದಿನಾ ಹೋಗಿ ಓದಿ ಬರುತ್ತೇನೆ. ಅದರಲ್ಲಿ ನನ್ನ ವಯಸ್ಸನ್ನು ಐವತ್ತೊಂಬತ್ತು ಎಂದು ತಪ್ಪಾಗಿ ಹಾಕಿದ್ದಾರೆ. ಕೆಂಪು ಪೆನ್ನು ಚೀಲದಲ್ಲೇ ಇತ್ತು. ಎಂಟು ದಿನದಿಂದ ನೋಡುತ್ತಿದ್ದೇನೆ, ತಿದ್ದಲು ಮನಸ್ಸೇ ಬರುತ್ತಿಲ್ಲ.